ಮತ್ತೋಡಿನ ಬಳೆಗಾಡಿ

ಹೊಸದುರ್ಗಕ್ಕೆ ರೈಲು ಬರಲಿಲ್ಲ, ಊರಿನ ಹೆಸರೇ ರೈಲಿನ ಬಳಿಗೆ ಹೋಯಿತು. ಬೀರೂರಿನಿಂದ ಚಿಕ್ಕಜಾಜೂರಿಗೆ ಹೋಗುವ ದಾರಿಯಲ್ಲಿ ‘ಹೊಸದುರ್ಗ ರೋಡ್’ ಎಂಬ ನಿಲ್ದಾಣ ಸಿಗುತ್ತದೆ. ಹೆಸರು ನಂಬಿ ಇಳಿದವರು ಪಟ್ಟಣ ಸೇರಲು ಮತ್ತೆ ಬಸ್ಸು ಹಿಡಿಯಬೇಕು. ರೈಲ್ವೆಯವರ ಮಾತಿನಲ್ಲಿ ‘ರೋಡ್’ ಎಂದರೆ ಅಷ್ಟೇ: ಊರು ಇಲ್ಲಿಲ್ಲ, ಊರಿನ ದಾರಿ ಇಲ್ಲಿದೆ. ಆ ಪಟ್ಟಣವನ್ನೂ ದಾಟಿ, ವೇದಾವತಿ ನದಿಯ ಆಚೆಗೆ ಹೋದರೆ ಸಿಗುವ ಹೋಬಳಿ ಕೇಂದ್ರ ಮತ್ತೋಡು. ಅಲ್ಲಿಗೆ ಉಗಿಬಂಡಿಯೂ ಬಂದಿಲ್ಲ, ಡೀಸೆಲ್ ಗಾಡಿಯೂ ಬಂದಿಲ್ಲ.

ಮಾದರಿ ರೈಲು ಕಟ್ಟುವ ಹವ್ಯಾಸಿಗೆ ಇದಕ್ಕಿಂತ ಒಳ್ಳೆಯ ಊರು ಸಿಗುವುದು ಕಷ್ಟ. ರೈಲು ಇರುವ ಊರಿನ ಮಾದರಿ ಮಾಡಹೊರಟರೆ, ನೋಡಿದವರೆಲ್ಲ ತಪ್ಪು ಹುಡುಕುತ್ತಾರೆ. ಆ ಕಂಬ ಅಲ್ಲಿರಲಿಲ್ಲ, ಈ ಮರ ಬೇವಿನದು, ಹುಣಸೆಯದಲ್ಲ ಎನ್ನುತ್ತಾರೆ. ರೈಲೇ ಇಲ್ಲದ ಊರಿಗೆ ಕಲ್ಪನೆಯಲ್ಲಿ ಹಳಿ ಹಾಕಿದರೆ ಆ ಕಾಟವಿಲ್ಲ. ಆದರೆ ಅಲ್ಲಿ ಬೇರೆಯೇ ಒಂದು ಫಜೀತಿ ಕಾದಿರುತ್ತದೆ. ಹಳಿ ಜೋಡಿಸಿ, ಇಂಜಿನ್ನಿಗೆ ಕರೆಂಟು ಕೊಟ್ಟು, ಬೋಗಿಗೆ ಬೂದು ಬಣ್ಣದ ಪ್ರೈಮರ್ ಬಳಿದು ಒಣಗಲು ಇಟ್ಟ ಮೇಲೆ ಕೈ ನಿಂತುಬಿಡುತ್ತದೆ. ಈ ರೈಲಿನ ಹೆಸರೇನು? ಬಣ್ಣ ಯಾವುದು?

ಹೆಚ್ಚಿನವರು ಇವೆರಡನ್ನೂ ಕೊನೆಯ ಅಲಂಕಾರವೆಂದು ತಿಳಿಯುತ್ತಾರೆ. ಮೊದಲ ಗುದ್ದಲಿ ನೆಲಕ್ಕೆ ಬೀಳುವ ಮುಂಚೆಯೇ ತೀರ್ಮಾನವಾಗಬೇಕಾದ ಸಂಗತಿಗಳು ಇವು. ಇವಕ್ಕೆ ಉತ್ತರವನ್ನು ಜರ್ಮನಿಯ ಕ್ಯಾಟಲಾಗಿನಲ್ಲೋ ಅಮೆರಿಕದ ಹಳದಿ ಇಂಜಿನ್ನಿನ ಪೆಟ್ಟಿಗೆಯಲ್ಲೋ ಹುಡುಕುವ ಅಗತ್ಯವೂ ಇಲ್ಲ. ಮತ್ತೋಡಿನ ಮಟ್ಟಿಗೆ ಅದು ಇನ್ನೂರು ವರ್ಷಗಳ ಹಿಂದೆಯೇ ಬರೆದಿಟ್ಟಾಗಿದೆ.

ಮೊದಲು ಅಳತೆಯ ಮಾತು ಮುಗಿಸಿಬಿಡಬಹುದು. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿ ಅಳತೆ ‘ಎಚ್‌ಒ’. ನಿಜದ 87 ಅಡಿ ಅದರಲ್ಲಿ ಒಂದು ಅಡಿ. ಹಾಗೆಂದು ನಿಜದ ದೂರವನ್ನೆಲ್ಲ ಲೆಕ್ಕ ಹಾಕಿ ಕೂರಿಸಲು ಹೋದರೆ ಮನೆ ಸಾಲದು. ಒಂದೇ ಒಂದು ಕಿಲೋಮೀಟರ್ ಹಳಿಗೆ ಹನ್ನೊಂದೂವರೆ ಮೀಟರ್ ಉದ್ದದ ಮೇಜು ಬೇಕು. ನಮ್ಮ ಬ್ರಾಡ್‌ಗೇಜಿನ ಹಳೆಯ ನೀಲಿ ಬೋಗಿ 21.3 ಮೀಟರ್, ಈ ಅಳತೆಯಲ್ಲಿ 24.5 ಸೆಂಟಿಮೀಟರ್. ಅಂಥ ಐದು ಬೋಗಿ ಜೋಡಿಸಿದರೆ ಮೇಜಿನ ಒಂದು ಬದಿ ಮುಗಿದೇ ಹೋಯಿತು. ಬಾಡಿಗೆ ಮನೆಯ ಹಜಾರದಲ್ಲಿ ರೈಲು ಓಡಿಸುವವರಿಗೆ ನ್ಯಾರೋಗೇಜೇ ಗತಿ.

ನ್ಯಾರೋಗೇಜಿಗೆ ಮೈಸೂರು ಸಂಸ್ಥಾನದಲ್ಲಿ ಚರಿತ್ರೆಯೂ ಇದೆ. ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಎರಡೂವರೆ ಅಡಿ ಅಗಲದ ಪುಟ್ಟ ರೈಲು ಬಂತು. ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೂ ಅದೇ ಅಳತೆಯ ಹಳಿ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹೋಗುತ್ತಿದ್ದದ್ದು ಇನ್ನೂ ಕಿರಿದು, ಎರಡೇ ಅಡಿ. ಎರಡೂವರೆ ಅಡಿ ಎಂದರೆ 762 ಮಿಲಿಮೀಟರ್. 87ರಿಂದ ಭಾಗಿಸಿದರೆ ಒಂಬತ್ತು ಮಿಲಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಮಾರುಕಟ್ಟೆಯಲ್ಲಿ ಒಂಬತ್ತು ಮಿಲಿಮೀಟರಿನ ‘ಎನ್’ ಗೇಜ್ ಹಳಿ ಸಿದ್ಧವಾಗಿ ಸಿಗುತ್ತದೆ. ಹೀಗೆ ಚರಿತ್ರೆ ಮತ್ತು ಅಂಗಡಿ ಒಂದೇ ಕಡೆ ಕೈ ತೋರಿಸುವುದು ಅಪರೂಪ.

ಹಾಗಾದರೆ ಕಥೆ ಕಟ್ಟಬಹುದು. ಬೆಂಗಳೂರು–ಹರಿಹರದ ಮೀಟರ್‌ಗೇಜ್ ಹಳಿ 1889ರಲ್ಲಿ ಪೂರ್ತಿಯಾಯಿತು. ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಕವಲು ಬಂದದ್ದು 1921ರಲ್ಲಿ. ಇಷ್ಟು ನಿಜ. ಆ ಹೊತ್ತಿನಲ್ಲೇ ಹೊಸದುರ್ಗ ರೋಡಿನಿಂದ ಇನ್ನೊಂದು ಪುಟ್ಟ ಕವಲು ಹೊರಟು, ಪಟ್ಟಣ ಮುಟ್ಟಿ, ವೇದಾವತಿಗೆ ಕಬ್ಬಿಣದ ಸೇತುವೆ ಹಾಕಿಸಿಕೊಂಡು ಮತ್ತೋಡಿಗೆ ಹೋಯಿತು ಎಂದುಕೊಂಡರೆ ಅದು ಸುಳ್ಳು. ಆದರೆ ಅಂದಿನ ಸಂಸ್ಥಾನದಲ್ಲಿ ನಡೆಯಲೂಬಹುದಾಗಿದ್ದ ಸುಳ್ಳು. ಮಾದರಿ ರೈಲಿನವರಿಗೆ ಬೇಕಿರುವುದು ಇಂಥದ್ದೇ.

ಹೆಸರು ಮೊದಲು ಹುಟ್ಟಿ ಊರು ಆಮೇಲೆ ಬೆಳೆದದ್ದಕ್ಕೆ ನಮ್ಮಲ್ಲೇ ದೊಡ್ಡ ನಿದರ್ಶನವಿದೆ. 1930ರ ಸೆಪ್ಟೆಂಬರಿನಲ್ಲಿ, ಅಜ್ಜಿ ಆರಿಸಿಕೊಟ್ಟ ಒಂದು ಒಳ್ಳೆಯ ದಿನ, ಆರ್.ಕೆ. ನಾರಾಯಣ್ ಬೆಂಗಳೂರಿನಲ್ಲಿ ನೋಟ್‌ಬುಕ್ ತೆರೆದು ಕೂತರು. ಮೊದಲು ಅವರ ಕಣ್ಣಿಗೆ ಬಂದದ್ದು ಒಂದು ಸಣ್ಣ ರೈಲು ನಿಲ್ದಾಣ, ಅದರ ಜೊತೆಗೆ ಮಾಲ್ಗುಡಿ ಎಂಬ ಹೆಸರು. ಶಾಲೆ, ನದಿ, ಬೀದಿ, ಸ್ವಾಮಿ, ಅವನ ಗೆಳೆಯರು ಎಲ್ಲ ಆ ನಿಲ್ದಾಣದ ಹಿಂದೆಯೇ ಇಳಿದುಬಂದರು. ಅರ್ಧ ಶತಮಾನದ ನಂತರ ಶಂಕರ್‌ನಾಗ್ ಅದನ್ನು ಧಾರಾವಾಹಿ ಮಾಡುವಾಗ ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣ ಮಾಲ್ಗುಡಿಯಾಯಿತು. ಅರಸಾಳಿನ ಹಳೆಯ ಕಟ್ಟಡ 2020ರಲ್ಲಿ ‘ಮಾಲ್ಗುಡಿ ಮ್ಯೂಸಿಯಂ’ ಆಗಿ ತೆರೆದುಕೊಂಡಿತು. ಮೈಸೂರಿನ ಕಡೆ ಒಂದು ರೈಲಿಗೆ ‘ಮಾಲ್ಗುಡಿ ಎಕ್ಸ್‌ಪ್ರೆಸ್’ ಎಂದೇ ಹೆಸರಿಟ್ಟರು. ಇಲ್ಲದ ಊರಿನ ಹೆಸರು ಇರುವ ರೈಲಿಗೆ ಬಂತು. ಆ ಹೆಸರು ಎರಡು ಕನ್ನಡ ಊರುಗಳ ಬಾಲ ತಲೆ ಜೋಡಿಸಿದಂತೆ ಕೇಳಿಸುವುದರಿಂದಲೇ ಇಷ್ಟು ದೂರ ಬಂತೋ ಏನೋ. ಕಿವಿಗೆ ಎಲ್ಲೋ ಕೇಳಿದಂತಿರಬೇಕು, ನಕ್ಷೆಯಲ್ಲಿ ಎಲ್ಲೂ ಸಿಗಬಾರದು.

ಹೊರಗಿನವರೂ ಈ ಗುಟ್ಟು ಬಲ್ಲರು. ಥಾಮಸ್ ಎಂಬ ನೀಲಿ ಇಂಜಿನ್ನಿನ ಕಥೆ ಬರೆದ ಪಾದ್ರಿ ಡಬ್ಲ್ಯು. ಆಡ್ರಿ ತಮ್ಮ ರೈಲುಗಳಿಗೆ ಸೋಡೋರ್ ಎಂಬ ದ್ವೀಪವನ್ನೇ ಸೃಷ್ಟಿಸಿದರು. ಆ ಹೆಸರು ಅವರಿಗೆ ಸಿಕ್ಕಿದ್ದು ಚರ್ಚಿನ ಲೋಕದಲ್ಲಿ. ‘ಸೋಡೋರ್ ಮತ್ತು ಮ್ಯಾನ್’ ಎಂಬ ಧರ್ಮಪ್ರಾಂತ್ಯವಿತ್ತು. ಮ್ಯಾನ್ ಎಂಬ ದ್ವೀಪ ಸಮುದ್ರದಲ್ಲಿತ್ತು, ಸೋಡೋರ್ ಮಾತ್ರ ಎಲ್ಲೂ ಇರಲಿಲ್ಲ. ಖಾಲಿ ಬಿದ್ದಿದ್ದ ಹೆಸರಿಗೆ ಅವರು ನೆಲ ಕೊಟ್ಟರು. ಕ್ಯಾಲಿಫೋರ್ನಿಯಾದ ಮಾಂಟೆರಿಯಲ್ಲಿ ಜಾನ್ ಆಲನ್ ಕಟ್ಟಿದ ಮಾದರಿ ರೈಲು ಜಗತ್ಪ್ರಸಿದ್ಧ. ಅದರ ಹೆಸರು ‘ಗೋರಿ ಆಂಡ್ ಡಿಫೀಟೆಡ್’ ಎಂದು ಓದುವಂಥದ್ದು, ಬರೆಯುವ ಕಾಗುಣಿತ ಮಾತ್ರ ಬೇರೆ. ‘ರಕ್ತಸಿಕ್ತ ಮತ್ತು ಸೋತುಹೋದ’ ಎಂಬ ಆ ಶ್ಲೇಷೆ ಮೊದಲ ದಿನ ನಗಿಸುತ್ತದೆ, ನೂರನೆಯ ದಿನ ಸಪ್ಪೆಯಾಗುತ್ತದೆ. ಆಲನ್ 1973ರಲ್ಲಿ ತೀರಿಕೊಂಡರು. ಕೆಲವೇ ದಿನಗಳಲ್ಲಿ ಆ ರೈಲೂ ಬೆಂಕಿಗೆ ಆಹುತಿಯಾಯಿತು. ಅವರ ಬೆಟ್ಟ, ಕಣಿವೆ, ಸೇತುವೆಗಳ ಕೈಚಳಕವನ್ನು ಇಂದಿಗೂ ಜನ ಕೊಂಡಾಡುತ್ತಾರೆ. ಹೆಸರಿನ ವಿಷಯದಲ್ಲಿ ಮಾತ್ರ ಆಡ್ರಿಯದೇ ಮೇಲುಗೈ.

ಈಗ ಮತ್ತೋಡಿನ ಕಡತ ತೆರೆಯಬೇಕು.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಊರೂರು ಸುತ್ತಿದ. ಬೆಳೆ ಏನು, ಮಣ್ಣು ಎಂಥದ್ದು, ಜನ ಏನು ಮಾಡಿ ಬದುಕುತ್ತಾರೆ ಎಂದು ಬರೆದುಕೊಂಡ. ಅದು 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಪಾಳೆಯಗಾರರ ಊರಾಗಿದ್ದ ಮತ್ತೋಡಿನಲ್ಲಿ ಅವನ ಕಣ್ಣಿಗೆ ಬಿದ್ದದ್ದು ಗಾಜಿನ ಕುಲುಮೆಗಳು. ಊರ ಗೋಡೆಗೆ ಒತ್ತಿ ಒಳಬದಿಯಲ್ಲಿ ಎತ್ತರದ ಜಗಲಿ, ಜಗಲಿಯೊಳಗೆ ಗುಮ್ಮಟದ ಆಕಾರದ ಕುಲುಮೆ, ಸೌದೆ ತುಂಬುವ ಬಾಯಿ ಗೋಡೆಯ ಹೊರಗೆ. ಅಲ್ಲಿ ತಯಾರಾಗುತ್ತಿದ್ದದ್ದು ಹೆಂಗಸರ ಕೈಬಳೆಯ ಗಾಜು. ಅದು ಒರಟು, ಬೆಳಕು ಹಾಯದ ಗಾಜು, ಬಣ್ಣ ಐದು. ಹಸಿರು, ಕೆಂಪು, ಕಪ್ಪು, ನೀಲಿ, ಹಳದಿ. ಮುಂದೆ ಬಿ.ಎಲ್. ರೈಸ್ ಸಂಸ್ಥಾನದ ಗೆಜೆಟಿಯರ್ ಬರೆದಾಗಲೂ ಮತ್ತೋಡಿನ ಬಳೆಗೆ ಜಾಗ ಕೊಟ್ಟರು.

ಇಂದು ಆ ಕುಲುಮೆಗಳಿಲ್ಲ. ಹೊಸದುರ್ಗದ ಸಂತೆಯಲ್ಲಾಗಲಿ ಚಿತ್ರದುರ್ಗದ ಪೇಟೆಯಲ್ಲಾಗಲಿ ಮಾರುವ ಗಾಜಿನ ಬಳೆ ಬಹುಪಾಲು ಉತ್ತರ ಪ್ರದೇಶದ ಫಿರೋಜಾಬಾದಿನಿಂದ ಬರುತ್ತದೆ. ಮತ್ತೋಡಿನ ಬಳೆ ಪುಸ್ತಕದಲ್ಲಿ ಉಳಿದಿದೆ. ಐದು ಬಣ್ಣಗಳ ಪಟ್ಟಿ ಕೈಯಲ್ಲಿಟ್ಟುಕೊಂಡು, ಇನ್ನೊಂದು ದೇಶದ ರೈಲಿನ ಬಣ್ಣ ಹುಡುಕುವವರಿಗೆ ಏನು ಹೇಳುವುದು?

ಹೆಸರಿನ ವಿಚಾರಕ್ಕೆ ಬಂದರೆ, ನಮ್ಮ ಸಾರ್ವಜನಿಕ ವಾಹನಗಳೇ ಒಳ್ಳೆಯ ಪಾಠಶಾಲೆ. ವ್ಯಕ್ತಿಯ ಹೆಸರು ಇಟ್ಟರೆ ಗೌರವ ಬರುತ್ತದೆ, ಜೊತೆಗೆ ಜಗಳವೂ ಬರಬಹುದು. ಬೆಂಗಳೂರು–ಮೈಸೂರಿನ ಟಿಪ್ಪು ಎಕ್ಸ್‌ಪ್ರೆಸ್ 2022ರ ಅಕ್ಟೋಬರಿನಲ್ಲಿ ಒಡೆಯರ್ ಎಕ್ಸ್‌ಪ್ರೆಸ್ ಆಯಿತು. ಅದೇ ಆದೇಶದಲ್ಲಿ ತಾಳಗುಪ್ಪದ ಗಾಡಿಗೆ ಕುವೆಂಪು ಹೆಸರು ಬಂತು. ಒಂದಕ್ಕೆ ವಾದ ವಿವಾದ ಎದ್ದಿತು, ಇನ್ನೊಂದಕ್ಕೆ ಏಳಲಿಲ್ಲ. ನದಿಯ ಹೆಸರು, ಬೆಟ್ಟದ ಹೆಸರು, ಊರಿನ ಹೆಸರು, ಕಟ್ಟಡದ ಹೆಸರು ಹೊತ್ತ ಕಾವೇರಿ, ಚಾಮುಂಡಿ, ಹಂಪಿ, ಗೋಲಗುಂಬಜ್ ಎಕ್ಸ್‌ಪ್ರೆಸ್‌ಗಳು ಯಾರ ಕೋಪಕ್ಕೂ ಸಿಗದೆ ಓಡುತ್ತಿವೆ.

ನಿಲ್ದಾಣಗಳ ಕಥೆ ಇನ್ನೂ ಸ್ವಾರಸ್ಯ. ಬೆಂಗಳೂರು ಸಿಟಿ ನಿಲ್ದಾಣ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಪಡೆಯಿತು. ಟಿಕೆಟ್ಟಿನ ಮೇಲೆ ಬರುವ ಕೋಡ್ ಮಾತ್ರ ಹಳೆಯ ‘ಎಸ್‌ಬಿಸಿ’. ಹುಬ್ಬಳ್ಳಿಗೆ ಸಿದ್ಧಾರೂಢ ಸ್ವಾಮಿಗಳ ಹೆಸರು ಬಂದರೂ ಕೋಡ್ ‘ಯುಬಿಎಲ್’. ಬೀರೂರು ‘ಆರ್‌ಆರ್‌ಬಿ’, ಚಿಕ್ಕಜಾಜೂರು ‘ಜೆಆರ್‌ಯು’. ರೈಲ್ವೆಯ ಹೊಟ್ಟೆಯಲ್ಲಿ ಹಳೆಯ ಹೆಸರು ಹೀಗೆ ಮೂರಕ್ಷರವಾಗಿ ಬದುಕಿರುತ್ತದೆ. ಕಲ್ಪನೆಯ ರೈಲಿಗೂ ಇಂಥ ಒಂದೆರಡು ಒರಟು ಕೋಡುಗಳಿರಬೇಕು. ಎಲ್ಲ ಅಚ್ಚುಕಟ್ಟಾಗಿದ್ದರೆ ಯಾರೋ ನಿನ್ನೆ ಕೂತು ಬರೆದದ್ದು ಎಂದು ಗೊತ್ತಾಗಿಬಿಡುತ್ತದೆ.

ಹೆಸರಿಡುವ ಕಲೆಯಲ್ಲಿ ರೈಲಿಗಿಂತ ನಮ್ಮ ಬಸ್ಸುಗಳೇ ಒಂದು ಹೆಜ್ಜೆ ಮುಂದೆ ಎನ್ನಬೇಕು. ಐರಾವತ, ರಾಜಹಂಸ, ಅಂಬಾರಿ, ಪಲ್ಲಕ್ಕಿ, ಅಶ್ವಮೇಧ: ಕೆಎಸ್‌ಆರ್‌ಟಿಸಿಯವರು ಬಸ್ಸಿನ ಸೌಕರ್ಯದ ಮಟ್ಟವನ್ನೇ ಹೆಸರಿನಲ್ಲಿ ಹೇಳಿಬಿಟ್ಟರು. ಮಲಗಿ ಹೋಗುವ ಬಸ್ಸಿಗೆ ಪಲ್ಲಕ್ಕಿ ಎನ್ನುವುದಕ್ಕೆ ವಿವರಣೆ ಬೇಕಿಲ್ಲ. ‘ನಮ್ಮ ಮೆಟ್ರೊ’ ಎಂಬ ಹೆಸರಿನಲ್ಲಿ ಇರುವುದು ಎರಡೇ ಪದ, ಅದರಲ್ಲಿ ಕೆಲಸ ಮಾಡುವುದು ಮೊದಲನೆಯದು. 2008ರಲ್ಲಿ ಹೊರಟ ಐಷಾರಾಮಿ ರೈಲು ‘ಗೋಲ್ಡನ್ ಚಾರಿಯಟ್’ ಹೆಸರಿನಲ್ಲಿ ಇಂಗ್ಲಿಷಾದರೂ ಹಂಪಿಯ ಕಲ್ಲಿನ ರಥವನ್ನೇ ನೆಚ್ಚಿಕೊಂಡಿತು. ಬೋಗಿಗಳಿಗೆ ಕದಂಬ, ಗಂಗ, ರಾಷ್ಟ್ರಕೂಟ, ಹೊಯ್ಸಳ ಎಂದು ರಾಜಮನೆತನಗಳ ಹೆಸರಿಟ್ಟರು, ಮೈಗೆ ನೇರಳೆ ಮತ್ತು ಚಿನ್ನದ ಬಣ್ಣ ಬಳಿದರು. ಹೆಸರು ಮತ್ತು ಬಣ್ಣ ಎರಡನ್ನೂ ಒಟ್ಟಿಗೆ ಯೋಚಿಸಿದ ರೈಲು ಅದು. ಲಕ್ಷಾಂತರ ರೂಪಾಯಿ ಕೊಟ್ಟು ಹತ್ತುವ ಪ್ರವಾಸಿಗೆ ರಾಜಠೀವಿ ಸರಿ. ಹೊಸದುರ್ಗದ ಸಂತೆಗೆ ತೆಂಗಿನಕಾಯಿ ಮೂಟೆ ಒಯ್ಯುವ ಗಾಡಿಗೆ ‘ಹೊಯ್ಸಳ’ ಎಂದು ಬರೆದರೆ ಮೂಟೆ ಹೊತ್ತವನೇ ನಗುತ್ತಾನೆ.

ಹಾಗಾಗಿ ಮತ್ತೋಡಿನ ರೈಲಿಗೆ ಎರಡು ಹೆಸರು ಬೇಕು. ಒಂದು ಕಾಗದದ ಹೆಸರು, ಇನ್ನೊಂದು ಬಾಯಿಯ ಹೆಸರು. ನಿಜದ ರೈಲುಗಳಿಗೆಲ್ಲ ಹೀಗೆಯೇ ಇರುತ್ತದೆ. ಶಿವಮೊಗ್ಗ–ತಾಳಗುಪ್ಪ ಹಳಿಯ ಮೇಲೆ ಓಡುತ್ತಿದ್ದ ಒಂಟಿ ಗಾಡಿಗೆ ಟೈಮ್‌ಟೇಬಲಿನಲ್ಲಿ ಏನೇ ನಂಬರ್ ಇರಲಿ, ಜನರಿಗೆ ಅದು ‘ರೈಲ್‌ಬಸ್’. ಕಾಗದದ ಹೆಸರು ನೀರಸವಾಗಿರಬೇಕು, ಎರಡು ಊರುಗಳ ನಡುವೆ ಗೆರೆ ಎಳೆದಂತಿರಬೇಕು: ‘ಹೊಸದುರ್ಗ ರೋಡ್–ಮತ್ತೋಡು ಲೈಟ್ ರೈಲ್ವೆ’. ಬಾಯಿಯ ಹೆಸರನ್ನು ಊರವರು ಇಡುತ್ತಾರೆ. ಬಳೆ ಪೆಟ್ಟಿಗೆ ಹೊತ್ತು ಬರುವ ಗಾಡಿಗೆ ‘ಬಳೆಗಾಡಿ’ ಎನ್ನದೆ ಇನ್ನೇನು ಎಂದಾರು? ಮಲಾರ ಹೊತ್ತ ಬಳೆಗಾರ ಮೂರನೇ ಕ್ಲಾಸಿನ ಬೋಗಿ ಹತ್ತುವಾಗ ಗಾರ್ಡ್ ಒಂದು ನಿಮಿಷ ಹೆಚ್ಚು ಕಾಯುತ್ತಾನೆ. ಒಡೆದರೆ ಅವನ ಹೊಟ್ಟೆಪಾಡೂ ಒಡೆಯುತ್ತದೆ. ಇಂಥ ಒಂದು ದೃಶ್ಯವನ್ನು ಹುಟ್ಟಿಸುವ ಹೆಸರು ಒಳ್ಳೆಯ ಹೆಸರು. ಪ್ಲಾಟ್‌ಫಾರ್ಮಿನ ಮೇಲೆ ಮುಕ್ಕಾಲು ಅಂಗುಲ ಎತ್ತರದ ಬಳೆಗಾರನನ್ನು ಅಂಟಿಸಿದರೆ ಮಿಕ್ಕ ಕಥೆಯನ್ನು ನೋಡುವವರೇ ಹೇಳಿಕೊಳ್ಳುತ್ತಾರೆ.

ಕಾಲದ ಮೇಲೂ ಕಣ್ಣಿರಬೇಕು. 1920ರ ದಶಕದ ರೈಲಾದರೆ ಇಂಗ್ಲಿಷ್ ಫಲಕದಲ್ಲಿ ಚಿತ್ರದುರ್ಗ ಇರಕೂಡದು, ‘ಚಿತಲ್‌ಡ್ರೂಗ್’ ಇರಬೇಕು. 2014ರ ನವೆಂಬರ್ 1ರಂದು ಇಂಗ್ಲಿಷಿನ ಟುಮ್ಕೂರು, ಬೆಲ್ಲಾರಿ, ಶಿಮೊಗಾಗಳ ಕಾಗುಣಿತ ಬದಲಾಯಿತಲ್ಲ, ಆ ದಿನದ ಹಿಂದಿನ ರೈಲಿಗೆ ಹೊಸ ಕಾಗುಣಿತ ಹಾಕಿದರೆ ಎಡವಟ್ಟು. ಕನ್ನಡದ ಸಾಲಿಗೆ ಈ ಕಷ್ಟವೇ ಇಲ್ಲ. ತುಮಕೂರು ಅಂದೂ ತುಮಕೂರೇ, ಶಿವಮೊಗ್ಗ ಅಂದೂ ಶಿವಮೊಗ್ಗವೇ.

ಇನ್ನು ಬಣ್ಣ. ಭಾರತದ ರೈಲು ಬೋಗಿಗಳು ದಶಕಗಳ ಕಾಲ ಕಂದುಗೆಂಪು ಉಟ್ಟಿದ್ದವು. ಕಲ್ಲಿದ್ದಲ ಹೊಗೆ ಕೂತರೂ ಕಾಣದ ಬಣ್ಣ ಅದು. 1990ರ ದಶಕದಲ್ಲಿ ಏರ್‌ಬ್ರೇಕಿನ ಬೋಗಿಗಳು ಬಂದಂತೆ ನೀಲಿ ಬಂತು. ಬಣ್ಣ ನೋಡಿಯೇ ಯಾವ ಬ್ರೇಕು ಎಂದು ಹೇಳಬಹುದಾದ ಕಾಲವೊಂದಿತ್ತು. ಬೆಂಗಳೂರು–ಹುಬ್ಬಳ್ಳಿ ಮಾರ್ಗ ಬ್ರಾಡ್‌ಗೇಜ್ ಆದದ್ದೂ ಅದೇ ದಶಕದಲ್ಲಿ. ಹಾಗಾಗಿ ಹೊಳಲ್ಕೆರೆ, ಚಿಕ್ಕಜಾಜೂರಿನ ಹಿರಿಯರ ನೆನಪಿನಲ್ಲಿ ಸಣ್ಣ ಹಳಿಯೂ ಕೆಂಪು ಬೋಗಿಯೂ ಒಟ್ಟಿಗೇ ಹೋಗಿಬಿಟ್ಟವು. 2009ರಲ್ಲಿ ಘೋಷಣೆಯಾದ ದುರಂತೊ ರೈಲುಗಳಿಗೆ ಹಳದಿ ಹಸಿರಿನ ಚಿತ್ತಾರ ಬಂತು. ಇಡೀ ರೈಲನ್ನೇ ಚಿತ್ರಪಟ ಮಾಡುವ ಆಸೆ ಅದರಲ್ಲಿತ್ತು. ಬಿಳಿ ನೀಲಿಯಲ್ಲಿ ಹೊರಟ ವಂದೇ ಭಾರತ್, 2023ರ ಸೆಪ್ಟೆಂಬರ್ 24ರಂದು ಕಾಸರಗೋಡಿನಿಂದ ತಿರುವನಂತಪುರಕ್ಕೆ ಹೊರಟಾಗ ಮೊದಲ ಬಾರಿಗೆ ಕೇಸರಿ ಬೂದು ಬಣ್ಣದಲ್ಲಿ ಕಾಣಿಸಿಕೊಂಡಿತು. ಅಂದು ಎಲ್ಲರೂ ವೇಗಕ್ಕಿಂತ ಬಣ್ಣದ ಮಾತೇ ಹೆಚ್ಚು ಆಡಿದರು.

ರೈಲಿನ ಬಣ್ಣ ಜನರಿಗೆ ಮುಖ್ಯವಲ್ಲ ಎನ್ನುವವರು ಆ ದಿನವನ್ನು ನೆನೆಸಿಕೊಳ್ಳಬಹುದು.

ಐದು ಬಣ್ಣ ಸಿಕ್ಕಿದೆ ಎಂದು ಐದನ್ನೂ ಬೋಗಿಯ ಮೈಗೆ ಬಳಿದರೆ ಅದು ಜಾತ್ರೆಯ ಜಯಂಟ್ ವ್ಹೀಲ್ ಆಗುತ್ತದೆ. ಒಂದೊಂದಕ್ಕೂ ಒಂದು ಕೆಲಸ ಕೊಟ್ಟರೆ ಐದೂ ಸಲೀಸಾಗಿ ಕೂರುತ್ತವೆ. ಮೈಗೆ ಹಸಿರು, ಮದುವೆಗೆ, ಸೀಮಂತಕ್ಕೆ ತೊಡಿಸುವ ಹಸಿರು ಬಳೆಯ ಬಣ್ಣ, ನಮ್ಮ ಕಡೆ ಬಳೆಯೆಂದರೆ ಮೊದಲು ಕಣ್ಣಿಗೆ ಕಟ್ಟುವುದೇ ಅದು. ಕಿಟಕಿಯ ಕೆಳಗೆ ಒಂದೇ ಒಂದು ಹಳದಿ ಗೆರೆ. ಚಕ್ರ, ಅಡಿಗಟ್ಟು, ಕೊಂಡಿ ಎಲ್ಲ ಕಪ್ಪು. ನಿಜದ ರೈಲಿನಲ್ಲೂ ಎಣ್ಣೆ ಮಸಿ ಕೂರುವ ಜಾಗ ಕಪ್ಪೇ. ಎಳೆಮಗುವಿನ ಕೈಗೆ ದೃಷ್ಟಿಯಾಗದಿರಲೆಂದು ಹಾಕುವ ಕರಿಬಳೆಯ ನೆನಪೂ ಅದರಲ್ಲಿ ಬರುತ್ತದೆ. ಇಂಜಿನ್ನಿನ ಮೂತಿಯ ಅಡ್ಡಪಟ್ಟಿಗೆ ಕೆಂಪು. ಉಗಿ ಇಂಜಿನ್ನುಗಳ ಕಾಲದಿಂದ ಬಂದ ರೂಢಿ, ಎದುರು ನಿಂತವನಿಗೆ ಎಚ್ಚರಿಕೆ. ಉಳಿದ ನೀಲಿ ಹೆಸರಿನ ಪಟ್ಟಿಗೆ: ನೀಲಿ ನೆಲ, ಮೇಲೆ ಹಳದಿ ಅಕ್ಷರ. ದೂರದಿಂದ ನೋಡಿದವರಿಗೆ ಕಾಣುವುದು ಹಸಿರು ರೈಲು. ಹತ್ತಿರ ಬಂದವರಿಗೆ ಬಳೆಯಂಗಡಿ ಕಾಣುತ್ತದೆ.

ಬಳಿಯುವಾಗ ಒಂದು ಕ್ರಮ ಹಿಡಿಯಬೇಕು. ಬೋಗಿಯನ್ನು ಸೋಪಿನ ನೀರಿನಲ್ಲಿ ತೊಳೆದು, ಬೂದು ಪ್ರೈಮರ್ ಹಾಕಿ ಒಣಗಿಸಿದ ಮೇಲೆ, ಗೆರೆ ಬರುವ ಜಾಗಕ್ಕೆ ಮೊದಲು ಹಳದಿ ಹೊಡೆಯಬೇಕು. ಹಳದಿ ಚೆನ್ನಾಗಿ ಒಣಗಿದ ಮೇಲೆ ಒಂದು ಮಿಲಿಮೀಟರ್ ಅಗಲಕ್ಕೆ ಕತ್ತರಿಸಿದ ಟೇಪನ್ನು ನೂಲು ಹಿಡಿದಂತೆ ನೇರವಾಗಿ ಅಂಟಿಸಿ, ಉಗುರಿನಿಂದ ಅಂಚು ಒತ್ತಬೇಕು. ಆಮೇಲೆ ಇಡೀ ಮೈಗೆ ಹಸಿರು. ಹಸಿರು ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪನ್ನು ಹಿಂದಕ್ಕೆ ಮಡಚಿ ಮೆಲ್ಲಗೆ ಎಳೆದರೆ ಅಡಿಯಲ್ಲಿ ಅವಿತಿದ್ದ ಹಳದಿ ಗೆರೆ ಹೇಗಿತ್ತೋ ಹಾಗೇ ಎದ್ದುಬರುತ್ತದೆ. ಕಡು ಬಣ್ಣದ ಮೇಲೆ ತಿಳಿ ಬಣ್ಣ ಎಳೆಯಹೋದವರಿಗೆ ಈ ಸುಖವಿಲ್ಲ. ಮೂರು ಸಲ ಬಳಿದರೂ ಹಸಿರು ಇಣುಕುತ್ತದೆ. ಆ ಒಂದು ಮಿಲಿಮೀಟರ್ ನಿಜದ ರೈಲಿನಲ್ಲಿ ಒಂಬತ್ತು ಸೆಂಟಿಮೀಟರಿನಷ್ಟು. ಎರಡು ಮಿಲಿಮೀಟರ್ ಮಾಡಿದರೆ ಸೀರೆಯ ಅಂಚು ಹೋಗಿ ಸೊಂಟಪಟ್ಟಿ ಆಗುತ್ತದೆ.

ಬಣ್ಣ ಹೊಂದಿಸಲು ಬಳೆಯ ಚೂರನ್ನೇ ಪಕ್ಕದಲ್ಲಿಟ್ಟುಕೊಳ್ಳಬಹುದು. ಆದರೆ ಚೂರಿನ ಹಸಿರನ್ನೇ ಯಥಾವತ್ತಾಗಿ ಬಳಿದರೆ ಪುಟ್ಟ ಬೋಗಿಯ ಮೇಲೆ ಅದು ಕಪ್ಪಾಗಿ ಕಾಣುತ್ತದೆ. ನಾವು ನಿಜದ ರೈಲನ್ನು ನೋಡುವುದು ದೂರದಿಂದ; ನಡುವಿನ ಗಾಳಿ, ಧೂಳು, ಬಿಸಿಲು ಬಣ್ಣವನ್ನು ತಿಳಿಯಾಗಿಸುತ್ತವೆ. ಹಾಗಾಗಿ ಅನುಭವಸ್ಥರು ಡಬ್ಬಿಯ ಬಣ್ಣಕ್ಕೆ ಒಂದಷ್ಟು ಬಿಳಿ ಬೆರೆಸುತ್ತಾರೆ. ಹೊಸದುರ್ಗದ ಬೇಸಿಗೆಯ ರೈಲಾದರೆ ಚಕ್ರದ ಮೇಲ್ಭಾಗಕ್ಕೆ ಒಂದಿಷ್ಟು ಕೆಮ್ಮಣ್ಣಿನ ಪುಡಿಯನ್ನೂ ಸವರಬೇಕಾಗುತ್ತದೆ.

ಅಕ್ಷರದ ಜಾಗದಲ್ಲಿ ಕನ್ನಡ ತನ್ನದೇ ಹಕ್ಕು ಕೇಳುತ್ತದೆ. ಇಪ್ಪತ್ತು ಸೆಂಟಿಮೀಟರ್ ಎತ್ತರದ ಅಕ್ಷರ ಈ ಅಳತೆಯಲ್ಲಿ 2.3 ಮಿಲಿಮೀಟರ್. ಇಂಗ್ಲಿಷಿನ ದೊಡ್ಡಕ್ಷರಗಳು ಸಾಲಾಗಿ ಪೊಲೀಸರಂತೆ ನಿಲ್ಲುತ್ತವೆ, ಮೂರು ಮಿಲಿಮೀಟರಿನ ಪಟ್ಟಿ ಸಾಕು. ‘ಮತ್ತೋಡು’ ಹಾಗಲ್ಲ. ನಡುವಿನ ‘ತ್ತೋ’ ನೋಡಿ: ಮೇಲೆ ಎತ್ವ, ಬಲಕ್ಕೆ ಕೊಂಬು ಮತ್ತು ದೀರ್ಘ, ಕೆಳಗೆ ಜೋತುಬಿದ್ದ ತವೊತ್ತು. ಇಂಗ್ಲಿಷಿಗೆಂದು ಕತ್ತರಿಸಿದ ಪಟ್ಟಿಯಲ್ಲಿ ಬರೆದರೆ ಒತ್ತು ಹಳದಿ ಗೆರೆಯ ಮೇಲೆ ಕಾಲು ಚಾಚುತ್ತದೆ. ಪಟ್ಟಿಯನ್ನು ಐದು ಮಿಲಿಮೀಟರ್ ಮಾಡಿ, ಗೆರೆಯನ್ನು ಅಷ್ಟೇ ಕೆಳಗಿಳಿಸಬೇಕು. ಅಂದರೆ ಹೆಸರು ತೀರ್ಮಾನವಾಗದೆ ಬಣ್ಣದ ಗೆರೆಯನ್ನೂ ಎಳೆಯುವಂತಿಲ್ಲ. ಇಂಗ್ಲಿಷಿನಲ್ಲಿ ವಿನ್ಯಾಸ ಮುಗಿಸಿ ಆಮೇಲೆ ಕನ್ನಡವನ್ನು ತುರುಕುವ ಅಂಗಡಿ ಬೋರ್ಡುಗಳಲ್ಲಿ ಒತ್ತಕ್ಷರ ಅರ್ಧ ಕತ್ತರಿಸಿಹೋಗುವುದಕ್ಕೂ ಕಾರಣ ಇದೇ.

ಇದೆಲ್ಲ ಆಟಿಕೆಗೆ ಅತಿಯಾಯಿತು ಎನ್ನುವವರಿದ್ದಾರೆ. ಕಲ್ಪನೆಯ ರೈಲಿಗೆ ಯಾವ ಬಣ್ಣವಾದರೇನು, ಮಗು ಕೇಳಿದ ಗುಲಾಬಿ ಬಳಿದರೆ ಯಾರು ಕೇಳುತ್ತಾರೆ? ಯಾರೂ ಕೇಳುವುದಿಲ್ಲ, ಬಳಿಯಲಿ. ಕಬ್ಬನ್ ಪಾರ್ಕಿನ ‘ಪುಟಾಣಿ ಎಕ್ಸ್‌ಪ್ರೆಸ್’ ಮಕ್ಕಳ ರೈಲು, ಅದರ ಸಂತೋಷವೇ ಬೇರೆ. ಆದರೆ ಒಂದು ಸೀಮೆಯ ಹೆಸರು ಹಾಕಿ, ಅಲ್ಲಿನ ಸೇತುವೆ, ತೆಂಗಿನ ತೋಟ, ಕಲ್ಲುಗುಡ್ಡ ಮಾಡಿ, ಅದರ ನಡುವೆ ಯಾವುದೋ ದೇಶದ ರೈಲು ಓಡಿಸಿದರೆ ಕೊರತೆ ಕಣ್ಣಿಗೆ ಹೊಡೆಯುತ್ತದೆ. ನಿಜವಿರುವಲ್ಲಿ ತಪ್ಪಾದರೆ ನಿಜವೇ ತಿದ್ದುತ್ತದೆ. ಕಲ್ಪನೆಯನ್ನು ತಿದ್ದಲು ಕಟ್ಟಿದವರ ಶಿಸ್ತಲ್ಲದೆ ಬೇರೆ ಏನೂ ಇಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಇಲ್ಲದ ರೈಲಿಗೆ ಇಷ್ಟು ನಂಬುವಂತೆ ಚರಿತ್ರೆ ಕಟ್ಟಿದರೆ, ಅದರ ಫೋಟೊ ವಾಟ್ಸ್‌ಆ್ಯಪಿನಲ್ಲಿ ಹರಿದಾಡಿ, ನಾಳೆ ‘ಮತ್ತೋಡಿಗೆ ಬ್ರಿಟಿಷರ ಕಾಲದಲ್ಲೇ ರೈಲಿತ್ತು’ ಎಂಬ ಸುದ್ದಿಯಾಗದೇ? ಆಗಬಹುದು. ಅದಕ್ಕೆ ಮದ್ದು ಸುಲಭ. ಮೇಜಿನ ಅಂಚಿಗೆ ಒಂದು ಚೀಟಿ: ಕುಲುಮೆ ನಿಜ, ಬಳೆ ನಿಜ, ಐದು ಬಣ್ಣ ನಿಜ, ರೈಲು ಕಲ್ಪನೆ. ಇಷ್ಟು ಬರೆಯಲು ನಾಚಿಕೆಪಡುವವರು ಮಾಲ್ಗುಡಿಯನ್ನು ನೆನೆಯಲಿ. ಅದು ಕಲ್ಪನೆ ಎಂದು ಗೊತ್ತಿದ್ದೂ ಜನ ಅರಸಾಳಿನಲ್ಲಿ ಇಳಿಯುತ್ತಾರೆ.

ಮೈಸೂರಿನಲ್ಲಿ 1979ರಿಂದ ರೈಲ್ವೆ ಮ್ಯೂಸಿಯಂ ಇದೆ, ಹುಬ್ಬಳ್ಳಿಯಲ್ಲಿ 2020ರಿಂದ. ಎರಡೂ ಕಡೆ ಶಾಲೆ ಮಕ್ಕಳ ಸಾಲು ಬರುತ್ತದೆ, ಇಂಜಿನ್ ಏರಿ ಫೋಟೊ ತೆಗೆಸಿಕೊಂಡು ಹೋಗುತ್ತದೆ. ಆ ಮಕ್ಕಳ ಕೈಗೆ ಬೋಗಿಯ ಖಾಲಿ ರೇಖಾಚಿತ್ರವೊಂದನ್ನು ಕೊಟ್ಟು, ನಿಮ್ಮೂರಿಗೆ ಬರದ ರೈಲಿಗೆ ಹೆಸರಿಟ್ಟು ಬಣ್ಣ ಹಾಕಿ ತನ್ನಿ ಎಂದು ಹೇಳಿ ಕಳಿಸಬಹುದು. ಒಂದೇ ಷರತ್ತು: ಯಾಕೆ ಈ ಹೆಸರು, ಯಾಕೆ ಈ ಬಣ್ಣ ಎಂದು ಹಿಂಬದಿಯಲ್ಲಿ ನಾಲ್ಕು ಸಾಲು ಬರೆದಿರಬೇಕು. ಚಳ್ಳಕೆರೆಯ ಮಗು ಕಂಬಳಿಯ ಕಪ್ಪು ಬಿಳಿ ತಂದೀತು, ಇಳಕಲ್ಲಿನ ಮಗು ಸೀರೆಯ ಸೆರಗಿನ ಕೆಂಪು ತಂದೀತು, ಚನ್ನಪಟ್ಟಣದ್ದು ಅರಗಿನ ಬಣ್ಣದ ಗೊಂಬೆಯನ್ನೇ ಎತ್ತಿಕೊಂಡು ಬಂದೀತು. ಖರ್ಚು ಒಂದು ಹಾಳೆ ಕಾಗದದ್ದು.

ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ನೇರ ರೈಲು ಮಾರ್ಗ 2011–12ರಲ್ಲಿ ಮಂಜೂರಾಯಿತು. ಉದ್ದ ಸುಮಾರು 191 ಕಿಲೋಮೀಟರ್. ಅದು ಪೂರ್ತಿಯಾದರೆ ಹಿರಿಯೂರಿಗೆ ಮೊದಲ ಬಾರಿ ರೈಲು ಬರುತ್ತದೆ, ಹೊಸ ನಿಲ್ದಾಣಗಳಿಗೆ ಹೊಸ ಹಳದಿ ಫಲಕಗಳು ಬೇಕಾಗುತ್ತವೆ. ಮತ್ತೋಡು ಆ ದಾರಿಯಲ್ಲಿಲ್ಲ.